ಮೆಟ್ನರ್‌ನ ಮೂರನೇ ಪಿಯಾನೋ ಕಾನ್ಸರ್ಟೊ: ಮೈಸೂರಿಗೆ ಅರ್ಪಣೆ ಸರಿ, ಕೇಳಿದವರು ಎಷ್ಟು ಜನ?

ಕೆ.ಆರ್. ಮೊಹಲ್ಲಾ:

ದಸರಾ ಹತ್ತಿರ ಬಂತೆಂದರೆ ವಾಟ್ಸಾಪಿನಲ್ಲಿ ಒಂದು ಸಂದೇಶ ಓಡಾಡಲು ಶುರು. ‘ನಮ್ಮ ಜಯಚಾಮರಾಜ ಒಡೆಯರ್ ರಷ್ಯದ ದೊಡ್ಡ ಸಂಗೀತಗಾರನಿಂದ ಪಿಯಾನೋ ಕಾನ್ಸರ್ಟೊ ಬರೆಸಿದರು’ ಅಂತ. ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು. ಅದು ಹೇಗಿದೆ, ಎಷ್ಟು ಹೊತ್ತಿನದು, ಯಾರು ನುಡಿಸಿದ್ದಾರೆ ಅಂತ ಒಬ್ಬರಾದರೂ ಕೇಳಬೇಕಲ್ಲ? ಇಲ್ಲ. ಕ್ವಿಜ್ ಪ್ರಶ್ನೆಯಾಗಿ ಮಾತ್ರ ಉಳಿದಿದೆ.

ಮೊದಲು ಇದೊಂದು ಸರಿಯಾಗಲಿ. ಮಹಾರಾಜರು ಇದನ್ನು ಬರೆಸಿದ್ದಲ್ಲ. ನಿಕೊಲಾಯ್ ಮೆಟ್ನರ್ ಇದನ್ನು ಬರೆದದ್ದು 1940ರಿಂದ 1943ರ ನಡುವೆ, ಇಂಗ್ಲೆಂಡಿನಲ್ಲಿ, ಯುದ್ಧ ನಡೆಯುತ್ತಿದ್ದಾಗ. ಲಂಡನ್ನಿನ ಬಾಂಬುಗಳಿಂದ ದೂರ ಅಂತ ಶಿಷ್ಯೆ ಎಡ್ನಾ ಐಲ್ಸ್ ಆತನನ್ನೂ ಹೆಂಡತಿ ಆನ್ನಾರನ್ನೂ ವಾರ್ವಿಕ್‌ಶೈರಿಗೆ ಕರೆದುಕೊಂಡು ಹೋಗಿದ್ದರು. 1942ರಲ್ಲಿ ಮೆಟ್ನರ್‌ಗೆ ಹೃದಯಾಘಾತ ಆಯಿತು. ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ದುಡ್ಡು ಯುದ್ಧ ಶುರುವಾದಾಗಲೇ ನಿಂತಿತ್ತು. ಇಷ್ಟರ ನಡುವೆ ಮುಗಿಸಿದ ಕೃತಿ ಇದು. ಇ ಮೈನರ್ ಸ್ವರಶ್ರೇಣಿ, ಓಪಸ್ (ಕೃತಿ ಸಂಖ್ಯೆ) 60. ಮೊದಲ ಪ್ರದರ್ಶನ 1944ರ ಫೆಬ್ರವರಿ 19ರಂದು, ರಾಯಲ್ ಆಲ್ಬರ್ಟ್ ಹಾಲಿನಲ್ಲಿ. ಪಿಯಾನೋಗೆ ಕೂತದ್ದು ಮೆಟ್ನರೇ. ಲಂಡನ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾ ನಡೆಸಿದವರು ಏಡ್ರಿಯನ್ ಬೋಲ್ಟ್.

ಮೈಸೂರಿನ ನೆರವು ಬಂದದ್ದು ಇದೆಲ್ಲ ಆದ ಮೇಲೆ. ಆತನ ಸಂಗೀತವನ್ನು ಗ್ರಾಮಫೋನ್ ಪ್ಲೇಟಿಗೆ ಹಾಕಿಸುವ ಖರ್ಚನ್ನು ಮಹಾರಾಜರು ಹೊತ್ತರು. ಅದಕ್ಕಾಗಿ ಈ ಕೃತಿಯನ್ನು ಮೆಟ್ನರ್ ಅವರಿಗೆ ಅರ್ಪಿಸಿದ.

ನನಗೆ ಈ ಕೃತಿ ಬಹಳ ಇಷ್ಟ. ಮೈಸೂರಿನ ಹೆಸರು ತೆಗೆದುಹಾಕಿದರೂ ಇಷ್ಟ. ಇಲ್ಲಿ ಯಾರಾದರೂ ಪೂರ್ತಿ ಕೇಳಿದ್ದೀರಾ?

ಸುಮ್ನೆ ಓದುಗ:

ಸರ್, ಗೊತ್ತಿಲ್ಲದೆ ಕೇಳ್ತಿದ್ದೇನೆ. ಕಾನ್ಸರ್ಟೊ ಅಂದರೆ ಒಬ್ಬರು ಪಿಯಾನೋ, ಹಿಂದೆ ಪಕ್ಕವಾದ್ಯದ ಹಾಗೆ ಆರ್ಕೆಸ್ಟ್ರಾ, ಅಷ್ಟೇ ಅಲ್ವಾ? ಮತ್ತೆ ಮಹಾರಾಜರಿಗೆ ಲಂಡನ್ನಿನಲ್ಲಿದ್ದ ಈ ಮನುಷ್ಯನ ಪರಿಚಯ ಹೇಗಾಯಿತು?

ಕೆ.ಆರ್. ಮೊಹಲ್ಲಾ:

ಪಕ್ಕವಾದ್ಯ ಅನ್ನುವುದು ಕೆಲವು ಕಾನ್ಸರ್ಟೊಗಳಿಗೆ ಸರಿ. ಇದಕ್ಕಲ್ಲ. ಇಲ್ಲಿ ಪಿಯಾನೋ ಆರ್ಕೆಸ್ಟ್ರಾದ ಒಳಗೇ ಹೆಣೆದುಕೊಂಡಿರುತ್ತದೆ.

ಜಯಚಾಮರಾಜ ಒಡೆಯರ್ ಸ್ವತಃ ಪಿಯಾನೋ ನುಡಿಸುತ್ತಿದ್ದರು. ಶೋಕಿಗೆ ನಾಲ್ಕು ಟ್ಯೂನು ಕಲಿತದ್ದಲ್ಲ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್ ಡಿಪ್ಲೊಮಾ ಅವರಿಗಿತ್ತು. ಟ್ರಿನಿಟಿ ಕಾಲೇಜಿನ ಗೌರವ ಫೆಲೋ ಕೂಡ. ವೇದಿಕೆಯ ಪಿಯಾನೋ ವಾದಕರಾಗಬೇಕು ಅನ್ನುವ ಆಸೆಯೂ ಇತ್ತು. 1940ರಲ್ಲಿ ಮೊದಲು ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್, ಕೆಲವೇ ತಿಂಗಳಲ್ಲಿ ದೊಡ್ಡಪ್ಪ ನಾಲ್ವಡಿಯವರು ತೀರಿಕೊಂಡರು. 21ನೇ ವಯಸ್ಸಿಗೆ ಸಿಂಹಾಸನ. ಆ ಆಸೆ ಅಲ್ಲಿಗೆ ನಿಂತಿತು.

ಪ್ಲೇಟುಗಳನ್ನು ತರಿಸಿಕೊಂಡು ಕೇಳುವ ಹುಚ್ಚು ಮಾತ್ರ ಜೋರಾಗಿತ್ತು. ಎಚ್‌ಎಂವಿಯ ನಿರ್ಮಾಪಕ ವಾಲ್ಟರ್ ಲೆಗ್ ಮೈಸೂರಿಗೆ ಬಂದಾಗ ಅರಮನೆಯ ರೆಕಾರ್ಡು ಸಂಗ್ರಹ, ಬಗೆಬಗೆಯ ಲೌಡ್‌ಸ್ಪೀಕರುಗಳು, ದೊಡ್ಡ ದೊಡ್ಡ ಪಿಯಾನೋಗಳನ್ನು ನೋಡಿ ದಂಗಾದೆ ಅಂತ ಬರೆದುಕೊಂಡಿದ್ದಾರೆ. ಅಲ್ಲಿ ಮೆಟ್ನರ್ ಮಾತ್ರ ಇರಲಿಲ್ಲ, ಯಾಕೆಂದರೆ ಮೆಟ್ನರ್ ಪ್ಲೇಟೇ ಹೆಚ್ಚು ಬಂದಿರಲಿಲ್ಲ. ಕೇಳಬೇಕು ಅನ್ನಿಸಿದ ಸಂಗೀತ ಅಂಗಡಿಯಲ್ಲಿ ಸಿಗದಿದ್ದರೆ ನೀವು ನಾವು ಬಿಟ್ಟುಬಿಡುತ್ತೇವೆ. ಮಹಾರಾಜರಾದರೆ ಮಾಡಿಸುತ್ತಾರೆ.

ಮಂಗಳೂರು ಕಿವಿ:

ನಾನು ಪೂರ್ತಿ ಕೇಳಿದ್ದೇನೆ ಮಾರಾಯ್ರೇ. ಬೇಜಾರು ಮಾಡಿಕೊಳ್ಳಬೇಡಿ, ನನಗೆ ಹಿಡಿಸಲಿಲ್ಲ. 35 ನಿಮಿಷ ಒಂದೇ ಉಸಿರಿಗೆ ಹೋಗುತ್ತದೆ, ನಡುವೆ ಬಿಡುವಿಲ್ಲ. ಮುಗಿದ ಮೇಲೆ ಗುನುಗಲು ಒಂದು ಸಾಲೂ ಬಾಯಿಗೆ ಬರುವುದಿಲ್ಲ. ಮೆಟ್ನರ್‌ನ ಗೆಳೆಯ, ರಷ್ಯದ ಇನ್ನೊಬ್ಬ ರಚನೆಕಾರ ರಾಖ್ಮನಿನೋವ್‌ನ ಎರಡನೇ ಕಾನ್ಸರ್ಟೊ ತೆಗೆದುಕೊಳ್ಳಿ. ಒಮ್ಮೆ ಕೇಳಿದರೆ ಸಾಕು, ವಾರವಿಡೀ ತಲೆಯಲ್ಲಿ ಕೂತಿರುತ್ತದೆ. ಮೆಟ್ನರ್ ಎಲ್ಲವನ್ನೂ ಒಂದರ ಮೇಲೊಂದು ಪೇರಿಸುತ್ತಾನೆ. ಎಡಗೈಯಲ್ಲಿ ಒಂದು ದಾರಿ, ಬಲಗೈಯಲ್ಲಿ ಎರಡು, ಆರ್ಕೆಸ್ಟ್ರಾದಲ್ಲಿ ಮತ್ತೊಂದು. ವಿದ್ವತ್ತು ಇದೆ, ಒಪ್ಪುತ್ತೇನೆ. ಆದರೆ ಮೈಸೂರಿನ ಹೆಸರಿಲ್ಲದಿದ್ದರೆ ನಾವಿಲ್ಲಿ ಇದರ ಬಗ್ಗೆ ಮಾತಾಡುತ್ತಿದ್ದೆವಾ? ನಿಜ ಹೇಳಿ.

ಪಿಯಾನೋ ಮೇಡಂ:

ಮಾತಾಡುತ್ತಿರಲಿಲ್ಲ ಅನ್ನುವುದು ನಿಜ. ಹಿಡಿಸಲಿಲ್ಲ ಅನ್ನುವುದಕ್ಕೆ ಕೊಟ್ಟ ಕಾರಣ ಮಾತ್ರ ಒಪ್ಪುವುದಿಲ್ಲ.

ರಾಖ್ಮನಿನೋವ್ ಜೊತೆ ಹೋಲಿಸುವುದು ಎಲ್ಲರೂ ಮಾಡುವ ಕೆಲಸ. ಇಬ್ಬರೂ ಸ್ನೇಹಿತರು, ಇಬ್ಬರೂ ಮಾಸ್ಕೋ ಕನ್ಸರ್ವೇಟರಿಯವರು. ರಾಖ್ಮನಿನೋವ್ ತನ್ನ ನಾಲ್ಕನೇ ಕಾನ್ಸರ್ಟೊವನ್ನು ಮೆಟ್ನರ್‌ಗೆ ಅರ್ಪಿಸಿದ, ಮೆಟ್ನರ್ ತನ್ನ ಎರಡನೆಯದನ್ನು ರಾಖ್ಮನಿನೋವ್‌ಗೆ. ಬರೆಯುವ ಬಗೆ ಮಾತ್ರ ಬೇರೆ ಬೇರೆ. ರಾಖ್ಮನಿನೋವ್ ನಿಮ್ಮನ್ನು ಕಾಯಿಸಿ, ಸರಿಯಾದ ಹೊತ್ತಿಗೆ ದೊಡ್ಡ ರಾಗ ತಂದು ಕೊಡುತ್ತಾನೆ. ಮೆಟ್ನರ್ ಮೊದಲ ಪುಟದಲ್ಲೇ ಕಾಳು ಬಿತ್ತಿ, ಬೆಳೆಯುವುದನ್ನು ನೀವೇ ನೋಡಿಕೊಳ್ಳಿ ಅನ್ನುತ್ತಾನೆ. ಗಮನ ಬೇರೆ ಕಡೆ ಹೋಯಿತೋ, ಕೆಟ್ಟಿತು.

ಈ ಕೃತಿಗೆ ‘ಬಲ್ಲಾಡ್’ ಅನ್ನುವ ಹೆಸರೂ ಇದೆ. ಹಿಂದೆ ಒಂದು ಕಥೆ ಇದೆ. ಲೆರ್ಮೊಂಟೊವ್ ಬರೆದ ‘ರುಸಾಲ್ಕಾ’ ಪದ್ಯ. ಹುಣ್ಣಿಮೆ ಬೆಳಕಿನ ನೀಲಿ ನದಿಯಲ್ಲಿ ಒಬ್ಬ ಜಲಕನ್ಯೆ ತೇಲುತ್ತಾಳೆ. ಬೆಳ್ಳಿ ನೊರೆಯನ್ನು ಚಂದ್ರನವರೆಗೆ ಚಿಮ್ಮಿಸಲು ನೋಡುತ್ತಾಳೆ. ನದಿಯ ತಳದಲ್ಲಿ ಪರದೇಶದ ಒಬ್ಬ ವೀರ ಮಲಗಿದ್ದಾನೆ. ಮುತ್ತು ಕೊಟ್ಟರೂ ಏಳುವುದಿಲ್ಲ, ಉಸಿರಾಡುವುದಿಲ್ಲ. ಪದ್ಯ ಅಲ್ಲಿಗೆ ಮುಗಿಯುತ್ತದೆ. ಮೆಟ್ನರ್ ಮುಗಿಸುವುದಿಲ್ಲ. ಮೊದಲ ಭಾಗ ಆ ನದಿ. ನಡುವೆ ‘ಇಂಟರ್ಲೂಡಿಯಮ್’ ಅನ್ನುವ ಚಿಕ್ಕ ಭಾಗ. ಮೂರನೆಯದರ ತಲೆಯಲ್ಲಿ ‘ಎಚ್ಚರಗೊಳ್ಳುತ್ತಾ, ವೀರವಾಗಿ’ ಅಂತ ಇಟಾಲಿಯನ್ನಿನಲ್ಲಿ ಸೂಚನೆ ಇದೆ. ಮಲಗಿದ್ದವನು ಅಲ್ಲಿ ಏಳುತ್ತಾನೆ. ಇ ಮೈನರಿನಲ್ಲಿ ಶುರುವಾದದ್ದು ಇ ಮೇಜರಿನಲ್ಲಿ, ಸ್ತೋತ್ರದ ಹಾಗೆ ಮುಗಿಯುತ್ತದೆ.

ಹೃದಯಾಘಾತ ಆಗಿ ಹಾಸಿಗೆ ಹಿಡಿದವನೊಬ್ಬ ಇಂಥ ಕೊನೆಯನ್ನು ಯಾಕೆ ಬರೆದ ಅಂತ ನಾನು ವಿವರಿಸಬೇಕಾಗಿಲ್ಲ ಅಂದುಕೊಳ್ಳುತ್ತೇನೆ.

ವೈಣಿಕ:

ಮೇಡಂ ಹೇಳಿದ್ದು ಓದಿ ಕೇಳಿದೆ. ಒಂದೇ ಸಾಲನ್ನು ಹಿಡಿದು ತಿರುಗಿಸಿ ತಿರುಗಿಸಿ ಬೆಳೆಸುವುದು ನಮ್ಮ ನೆರವಲ್ ಹಾಗೇ ಇದೆಯಲ್ಲ? ಮಹಾರಾಜರಿಗೆ ಇದು ರುಚಿಸಿದ್ದರಲ್ಲಿ ಆಶ್ಚರ್ಯ ಇಲ್ಲ. ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿ ರಚಿಸಿದವರು ಅವರು. ಗಂಭೀರನಾಟದ ‘ಶ್ರೀ ಜಾಲಂಧರ’ ಇವತ್ತಿಗೂ ಕಛೇರಿಗಳಲ್ಲಿ ಬರುತ್ತದೆ.

ಪಿಯಾನೋ ಮೇಡಂ:

ವೈಣಿಕ ಸರ್, ಹೋಲಿಕೆ ಚೆನ್ನಾಗಿದೆ, ಆದರೆ ಸ್ವಲ್ಪ ದೂರದ್ದು. ನೆರವಲ್‌ನಲ್ಲಿ ಸಾಹಿತ್ಯದ ಸಾಲು ಹಾಗೇ ಇರುತ್ತದೆ. ಎಡುಪು, ಅಂದರೆ ತಾಳದಲ್ಲಿ ಸಾಲು ಶುರುವಾಗುವ ಜಾಗ, ಬದಲಾಗುವುದಿಲ್ಲ. ಸುತ್ತಲಿನ ಸಂಗತಿ ಮಾತ್ರ ಹೊಸದು, ಅದೂ ಆ ಕ್ಷಣಕ್ಕೆ ಹುಟ್ಟಿದ್ದು. ಇಲ್ಲಿ ಮೂಲದ ಸಾಲೇ ಬದಲಾಗುತ್ತದೆ. ಉದ್ದವಾಗುತ್ತದೆ, ತುಂಡಾಗುತ್ತದೆ, ಲಯ ಬೇರೆಯಾಗುತ್ತದೆ, ಮತ್ತೊಂದು ಸಾಲಿನ ಕೆಳಗೆ ಹೋಗಿ ಅಡಗುತ್ತದೆ. ಎಲ್ಲವೂ ಬರೆದಿಟ್ಟದ್ದು, ಒಂದು ಸ್ವರವೂ ವಾದಕನ ಇಷ್ಟಕ್ಕಿಲ್ಲ. ಗುರು ತನೆಯೇವ್ ಈತನನ್ನು ಸೊನಾಟಾ ರೂಪದ (ಸಾಲುಗಳನ್ನು ಮಂಡಿಸಿ, ಬೆಳೆಸಿ, ಮತ್ತೆ ತರುವ ಕಟ್ಟು) ಜೊತೆಗೇ ಹುಟ್ಟಿದವನು ಅನ್ನುತ್ತಿದ್ದರಂತೆ. ಆ ಬುದ್ಧಿ ಇದು.

ನುಡಿಸುವವರ ಕಷ್ಟವನ್ನೂ ಹೇಳಿಬಿಡುತ್ತೇನೆ. ಬೆರಳಿನ ವೇಗ ಇಲ್ಲಿ ದೊಡ್ಡ ಮಾತಲ್ಲ. ಒಂದೇ ಕೈಯಲ್ಲಿ ಮೂರು ದನಿ ಬರುತ್ತದೆ, ಮೂರಕ್ಕೂ ಬೇರೆ ಬೇರೆ ತೂಕ ಕೊಡಬೇಕು. ತಾಳ ಒಂದು ಕಡೆ, ಒತ್ತು ಇನ್ನೊಂದು ಕಡೆ. ಪಿಯಾನೋ ಒಂದು ಕೂದಲೆಳೆ ಜರುಗಿದರೂ ಕೆಳಗೆ ಆರ್ಕೆಸ್ಟ್ರಾ ಕೂಡುವುದಿಲ್ಲ. ಇಷ್ಟೆಲ್ಲ ಮಾಡಿದರೂ ಸಭೆಯವರಿಗೆ ‘ಓಹೋ’ ಅನ್ನಿಸುವ ಜಾಗ ಕಡಿಮೆ. ಶ್ರಮ ಜಾಸ್ತಿ, ಚಪ್ಪಾಳೆ ಕಮ್ಮಿ. ವಾದಕರು ಇದನ್ನು ದೂರ ಇಡಲು ಅದೇ ಕಾರಣ ಅಂತ ನನ್ನ ಅನಿಸಿಕೆ.

ಮಂಗಳೂರು ಕಿವಿ:

ಅಂದರೆ ತಪ್ಪು ನನ್ನ ಕಿವಿಯದು ಅಂತ ಆಯಿತು :) ಹೋಗಲಿ. ಯಾರ ರೆಕಾರ್ಡಿಂಗ್ ಕೇಳಬೇಕು ಹೇಳಿ, ಇನ್ನೊಮ್ಮೆ ನೋಡುತ್ತೇನೆ. ನಾನು ಕೇಳಿದ್ದು ಯಾವುದೋ ಒಂದು, ಹೆಸರು ನೋಡಲಿಲ್ಲ.

ಲಂಡನ್ ಕನ್ನಡತಿ:

ಇಲ್ಲಿ ನಾನು ಬರಲೇಬೇಕು. ಮೆಟ್ನರ್ 1935ರಿಂದ ಇದ್ದದ್ದು ಗೋಲ್ಡರ್ಸ್ ಗ್ರೀನಿನಲ್ಲಿ, ನಮ್ಮ ಮನೆಯಿಂದ ಬಸ್ಸಿನ ದಾರಿ. 1951ರ ನವೆಂಬರಿನಲ್ಲಿ ತೀರಿಕೊಂಡರು. ಸಮಾಧಿ ಹೆಂಡನ್ ಸ್ಮಶಾನದಲ್ಲಿದೆ.

ಒಳ್ಳೆಯ ಶಬ್ದ ಬೇಕಾದರೆ ಪಿಯಾನೋ ವಾದಕ ಯೆವ್ಗೆನಿ ಸುದ್ಬಿನ್. ಬರ್ಗನ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾ, ಕಂಡಕ್ಟರ್ ಆಂಡ್ರ್ಯೂ ಲಿಟನ್, ಬಿಐಎಸ್ ಕಂಪನಿಯದು. ಒಳದನಿಗಳು ಒಂದೊಂದೂ ಕೇಳುತ್ತವೆ. ಮಂಗಳೂರಿನವರಿಗೆ ನಾನು ಹೇಳುವುದು ಇದನ್ನೇ. ನಿಕೊಲಾಯ್ ಡೆಮಿಡೆಂಕೊ ಹೈಪೀರಿಯನ್ ಕಂಪನಿಗೆ ಎರಡನೆಯದು, ಮೂರನೆಯದು ಎರಡನ್ನೂ ಒಟ್ಟಿಗೆ ನುಡಿಸಿದ್ದಾರೆ. ಬಿಬಿಸಿ ಸ್ಕಾಟಿಷ್ ಸಿಂಫನಿ, ಯೆರ್ಜಿ ಮಾಕ್ಸಿಮಿಯುಕ್. ಅದು ಕಾವಿನದು, ಸ್ವಲ್ಪ ಒರಟು. ಮೂರೂ ಒಬ್ಬರದ್ದೇ ಬೇಕೆಂದರೆ ಜೆಫ್ರಿ ಟೋಜರ್, ಲಂಡನ್ ಫಿಲ್‌ಹಾರ್ಮೋನಿಕ್, ನೇಮೆ ಯಾರ್ವಿ. ರಷ್ಯದ ದನಿ ಬೇಕೆಂದರೆ ತತಿಯಾನಾ ನಿಕೊಲಾಯೆವಾ, ಸ್ವೆತ್ಲಾನೊವ್ ಜೊತೆ.

ಅವೆಲ್ಲ ಆದ ಮೇಲೆ ಮೆಟ್ನರ್ ಅವರದ್ದೇ 1947ರ ರೆಕಾರ್ಡಿಂಗ್. ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ, ಕಂಡಕ್ಟರ್ ಇಸಾಯ್ ಡೊಬ್ರೊವೆನ್. ಮೈಸೂರಿನ ದುಡ್ಡಿನಲ್ಲಿ ಆದದ್ದು ಇದೇ. ಎರಡನೆಯದೂ ಡೊಬ್ರೊವೆನ್ ಜೊತೆಗೇ, ಮೊದಲನೆಯದು ಜಾರ್ಜ್ ವೆಲ್ಡನ್ ಜೊತೆ. ಈಗ ಟೆಸ್ಟಮೆಂಟ್ ಕಂಪನಿಯ ಸಿಡಿಯಲ್ಲಿ ಸಿಗುತ್ತದೆ.

ಕೇಳುವ ಮೊದಲು ಆ ಕಾಲದ ರೆಕಾರ್ಡಿಂಗ್ ಹೇಗಿತ್ತು ಅಂತ ಒಂಚೂರು ಯೋಚಿಸಿ. 78 ಆರ್‌ಪಿಎಂ ಪ್ಲೇಟಿನ ಒಂದು ಬದಿಗೆ ನಾಲ್ಕು, ನಾಲ್ಕೂವರೆ ನಿಮಿಷ. ನಡುವೆ ತಪ್ಪಾದರೆ ಆ ಬದಿಯನ್ನು ಮೊದಲಿಂದ ನುಡಿಸಬೇಕು. ಈಗಿನ ಹಾಗೆ ಕತ್ತರಿಸಿ ಅಂಟಿಸುವ ಮಾತಿಲ್ಲ. ಬಿಡುವಿಲ್ಲದೆ ಹರಿಯಲಿ ಅಂತ ಬರೆದ ಕೃತಿಯನ್ನು ಹಾಗೆ ತುಂಡು ತುಂಡಾಗಿ ನುಡಿಸಿದ್ದಾರೆ, 67ರ ವಯಸ್ಸಿನಲ್ಲಿ, ಆ ಹೃದಯ ಇಟ್ಟುಕೊಂಡು. ಆದರೂ ಹರಿವು ಎಲ್ಲೂ ಕಡಿದ ಹಾಗೆ ಅನ್ನಿಸುವುದಿಲ್ಲ. ಸುದ್ಬಿನ್ ನುಣುಪು ಇಲ್ಲಿಲ್ಲ. ಲಯ ಮಾತ್ರ ಕಬ್ಬಿಣ. ಭಾವುಕತೆ ಸೊನ್ನೆ. ಈ ಸಂಗೀತ ಮೆತ್ತಗೆ ಕರಗಿ ಹೋಗಬೇಕಾದದ್ದಲ್ಲ ಅಂತ ನನಗೆ ಗೊತ್ತಾದದ್ದು ಅದರಿಂದಲೇ.

ಹಳೇ ಕಡತ:

ಎಲ್ಲರೂ ಸಂಗೀತದ ಬಗ್ಗೆ ಹೇಳುತ್ತಿದ್ದೀರಿ. ನಾನು ಬೇರೆ ಮಾತು ತೆಗೆಯುತ್ತೇನೆ, ಕ್ಷಮಿಸಿ.

1947 ಅಂದಿರಿ. ಅದೇ ವರ್ಷ ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’. ಜವಾಬ್ದಾರಿ ಸರ್ಕಾರ ಕೊಡಿ ಅಂತ ಜನ ಬೀದಿಗೆ ಇಳಿದಿದ್ದರು. ಜೈಲು ತುಂಬಿತ್ತು. ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿ ಮಂತ್ರಿಮಂಡಲ ಬರುವವರೆಗೂ ಸಂಸ್ಥಾನ ಕುದಿಯುತ್ತಿತ್ತು. ಆಗ ಲಂಡನ್ನಿನಲ್ಲಿ ನಮ್ಮ ಅರಮನೆಯ ದುಡ್ಡಿನಲ್ಲಿ ಆರ್ಕೆಸ್ಟ್ರಾ ಕೂತಿತ್ತು. ಫಿಲ್‌ಹಾರ್ಮೋನಿಯಾಕ್ಕೆ ವರ್ಷಕ್ಕೆ 10,000 ಪೌಂಡ್ ಕೊಡಲು ಮಹಾರಾಜರು ಒಪ್ಪಿದರು ಅಂತ ಅದೇ ಲೆಗ್ ಬರೆದಿದ್ದಾರೆ. ಆಗಿನ ದರದಲ್ಲಿ ಪೌಂಡಿಗೆ ಹದಿಮೂರು ರೂಪಾಯಿ ಚಿಲ್ಲರೆ. ಲೆಕ್ಕ ಹಾಕಿ, 1.33 ಲಕ್ಷ ರೂಪಾಯಿ. ಆ ಕಾಲಕ್ಕೆ ಅದು ಸಣ್ಣ ದುಡ್ಡಾ?

ಕೆ.ಆರ್. ಮೊಹಲ್ಲಾ:

ಸಣ್ಣ ದುಡ್ಡಲ್ಲ. ಕೇಳಬೇಕಾದ ಪ್ರಶ್ನೆಯೇ.

ಮೈಸೂರು ಅರಮನೆಯಲ್ಲಿ ಸಂಗೀತಕ್ಕೆ ಖರ್ಚು ಮಾಡುವುದು ಇವರಿಂದ ಶುರುವಾದದ್ದಲ್ಲ. ನಾಲ್ವಡಿಯವರ ಕಾಲದಲ್ಲೇ ಜರ್ಮನಿಯ ಆಟೋ ಷ್ಮಿಟ್ ಅರಮನೆಯ ಪಾಶ್ಚಾತ್ಯ ಆರ್ಕೆಸ್ಟ್ರಾ ನಡೆಸುತ್ತಿದ್ದರು. ನಮ್ಮ ವಿದ್ವಾಂಸರಿಗೂ ಅಲ್ಲೇ ಆಸರೆ ಇತ್ತು. ದಸರಾದಲ್ಲಿ ಈಗಲೂ ಪೊಲೀಸರ ಇಂಗ್ಲಿಷ್ ಬ್ಯಾಂಡ್ ನಿಲ್ಲುತ್ತದಲ್ಲ, ಅದರ ಬೇರು ಆ ಕಾಲದ್ದು.

ಆ ದುಡ್ಡಿಗೆ ಏನು ಬಂತು ಅನ್ನುವುದನ್ನೂ ನೋಡಿ. ಅಷ್ಟು ವಯಸ್ಸಾದ, ಪಾಠ ಹೇಳಿ ಜೀವನ ಮಾಡುತ್ತಿದ್ದ, ಎಲ್ಲರೂ ಹಳಬ ಅಂತ ಬದಿಗಿಟ್ಟಿದ್ದ ಒಬ್ಬ ರಚನೆಕಾರನ ಕೈ ಉಳಿಯಿತು. ಮೂರು ಕಾನ್ಸರ್ಟೊ, ಪಿಯಾನೋ ತುಣುಕುಗಳು, ಹಾಡುಗಳು, ಎಲ್ಲದಕ್ಕೂ ಪಿಯಾನೋ ಆತನದೇ. ಗಾಯಕಿ ಎಲಿಜಬೆತ್ ಶ್ವಾರ್ಟ್ಸ್‌ಕೋಫ್ ಹಾಡಿದ್ದಕ್ಕೂ ಆತನೇ. 1950ರ ಮೇ 22ರಂದು ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳ ಮೊದಲ ಪ್ರದರ್ಶನ ಆಯಿತು. ಫ್ಲಾಗ್‌ಸ್ಟಾಡ್ ಹಾಡಿದ್ದು, ಫುರ್ಟ್‌ವೆಂಗ್ಲರ್ ನಡೆಸಿದ್ದು. ಅದಕ್ಕೂ ಮಹಾರಾಜರದೇ ಬೆಂಬಲ. ಅದರ ರೆಕಾರ್ಡಿಂಗ್ ಮೈಸೂರಿಗೆ ಬಂದಿತ್ತು.

ಹಳೇ ಕಡತ:

ಬಂದದ್ದು ದೊಡ್ಡದು, ಇಲ್ಲ ಅನ್ನುವುದಿಲ್ಲ. ಆದರೆ ಅದು ಬಂದದ್ದು ಜಗತ್ತಿಗೆ. ಚಾಮರಾಜನಗರದ ರೈತನಿಗಲ್ಲ. ‘ನಮ್ಮ ಹೆಮ್ಮೆ’ ಅನ್ನುವಾಗ ಆ ‘ನಮ್ಮ’ದಲ್ಲಿ ಯಾರು ಯಾರಿದ್ದಾರೆ ಅಂತ ಕೇಳಿದೆ, ಅಷ್ಟೇ. ಸಂಗೀತ ಕೆಟ್ಟದ್ದು ಅನ್ನಲಿಲ್ಲ. ನಾನೂ ಈಗ ಡೆಮಿಡೆಂಕೊ ಹಾಕಿಕೊಂಡೇ ಟೈಪ್ ಮಾಡುತ್ತಿದ್ದೇನೆ.

ಲಂಡನ್ ಕನ್ನಡತಿ:

ಇನ್ನೊಂದು ವಿಷಯ ಸೇರಿಸುತ್ತೇನೆ. ಇಷ್ಟು ಖರ್ಚಾದರೂ ಮೆಟ್ನರ್ ಜನಪ್ರಿಯ ಆಗಲಿಲ್ಲ. ಕಾರಣ ಸಂಗೀತವೊಂದೇ ಅಲ್ಲ. ಮೈಸೂರಿನ ದುಡ್ಡಿನಲ್ಲಿ ಈ ರೆಕಾರ್ಡಿಂಗುಗಳನ್ನು ತಂದ ಮೆಟ್ನರ್ ಸೊಸೈಟಿಯ ಸೆಟ್ಟುಗಳು 78ರ ಪ್ಲೇಟುಗಳಾಗಿ ಹೊರಬಂದದ್ದು 1948ರಿಂದ ಈಚೆಗೆ. ಅದೇ 1948ರಲ್ಲಿ ಅಮೆರಿಕದಲ್ಲಿ ಎಲ್‌ಪಿ ಬಂತು. ಒಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು. ಕೆಲವೇ ವರ್ಷದಲ್ಲಿ 78 ಪ್ಲೇಟು ಯಾರಿಗೂ ಬೇಡವಾಯಿತು. ದುಬಾರಿ ಸೆಟ್ಟುಗಳು, ಹೊತ್ತು ತರಲೂ ಭಾರ, ಅದೂ ಹೆಸರು ಕೇಳದವನ ಸಂಗೀತ. ಯಾರು ಕೊಳ್ಳುತ್ತಾರೆ?

ಮೆಟ್ನರ್ ಹೋದ ಮೇಲೆ ಆನ್ನಾ ಹಸ್ತಪ್ರತಿಗಳನ್ನು ತೆಗೆದುಕೊಂಡು 1958ರಲ್ಲಿ ಸೋವಿಯತ್ ಒಕ್ಕೂಟಕ್ಕೆ ವಾಪಸಾದರು. ಅಲ್ಲಿ 12 ಸಂಪುಟಗಳಲ್ಲಿ ಸಮಗ್ರ ಸಂಗೀತ ಅಚ್ಚಾಯಿತು. ಬಿಟ್ಟು ಬಂದ ದೇಶವೇ ಕೊನೆಗೆ ಕೈಹಿಡಿಯಿತು. ಪಶ್ಚಿಮದಲ್ಲಿ ಮತ್ತೆ ಗಟ್ಟಿಯಾಗಿ ಕೇಳಿಸಿದ್ದು 1990ರ ದಶಕದಲ್ಲಿ, ಡೆಮಿಡೆಂಕೊ, ಟೋಜರ್ ಸಿಡಿಗಳು ಬಂದ ಮೇಲೆ.

ಮಂಗಳೂರು ಕಿವಿ:

ಸುದ್ಬಿನ್ ಕೇಳಿದೆ. ಆಮೇಲೆ ಮೆಟ್ನರ್ ನುಡಿಸಿದ್ದೂ ಕೇಳಿದೆ. ಪದ್ಯ ಗೊತ್ತಿದ್ದರೆ ಮೊದಲ ಭಾಗ ಬೇರೆಯೇ ಆಗುತ್ತದೆ, ಅದು ಒಪ್ಪಿದೆ. ನೀರು ಎಲ್ಲಿದೆ, ಅವಳು ಎಲ್ಲಿದ್ದಾಳೆ ಅಂತ ಗೊತ್ತಾಗುತ್ತದೆ. ಆ ಚಿಕ್ಕ ನಡುವಿನ ಭಾಗ ಬಹಳ ಚೆನ್ನಾಗಿದೆ.

ಕೊನೆಯ ಭಾಗ ಇನ್ನೂ ಜಾಸ್ತಿ ಉದ್ದವೇ. ಮುಗಿಯಿತು ಅನ್ನಿಸಿದಾಗ ಮತ್ತೆ ಶುರು, ಮತ್ತೆ ಶುರು. ಸಂಪಾದಕರೊಬ್ಬರು ಪಕ್ಕದಲ್ಲಿ ಇರಬೇಕಿತ್ತು. ರಾಖ್ಮನಿನೋವ್ ತನ್ನ ಕೃತಿಗಳಿಗೆ ಕತ್ತರಿ ಹಾಕಿಕೊಂಡ, ಅತಿಯೇ ಹಾಕಿಕೊಂಡ. ಈತ ಹಾಕಲೇ ಇಲ್ಲ. ಸಿಕ್ಕರೆ ಮೊದಲೆರಡು ಭಾಗ ದಿನಾ ಕೇಳುತ್ತೇನೆ, ಮೂರನೆಯದು ಹಬ್ಬಕ್ಕೆ.

ಪಿಯಾನೋ ಮೇಡಂ:

ಮೂರನೆಯದಿಲ್ಲದೆ ಮೊದಲೆರಡು ಕೇಳಿದರೆ ವೀರ ನೀರಿನಲ್ಲೇ ಉಳಿದ ಹಾಗೆ. ನಿಮ್ಮಿಷ್ಟ.

ಸುಮ್ನೆ ಓದುಗ:

ಇಷ್ಟೆಲ್ಲ ಓದಿದ ಮೇಲೆ ಒಂದು ಪ್ರಶ್ನೆ. ಮೈಸೂರಿಗೆ ಅರ್ಪಿಸಿದ್ದು ಅಂತೀರಿ, ಮೈಸೂರಿನಲ್ಲಿ ಇದನ್ನು ಕೇಳುವುದು ಯಾವಾಗ?

ಲಂಡನ್ ಕನ್ನಡತಿ:

2019ರಲ್ಲಿ, ಮಹಾರಾಜರ ಜನ್ಮಶತಮಾನೋತ್ಸವಕ್ಕೆ ಫಿಲ್‌ಹಾರ್ಮೋನಿಯಾದವರು ಇಲ್ಲಿ ಲಂಡನ್ನಿನಲ್ಲಿ ಒಂದು ಕಛೇರಿಯನ್ನೇ ಅವರ ನೆನಪಿಗೆ ಇಟ್ಟಿದ್ದರು. ಅವರ ಮೊದಲ ಅಧ್ಯಕ್ಷರು ಇವರೇ ಅಲ್ಲವಾ, ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಗೆ, 1948ರಲ್ಲಿ. ಅವರು ಮರೆತಿಲ್ಲ. ಮೈಸೂರಿನಲ್ಲಿ ಏನಾದೀತು ಅಂತ ಮೈಸೂರಿನವರೇ ಹೇಳಬೇಕು.

ಪಿಯಾನೋ ಮೇಡಂ:

ಪೂರ್ತಿ ಆರ್ಕೆಸ್ಟ್ರಾ ಜೊತೆ ಅಂದರೆ ಕಷ್ಟ. ಬೆಂಗಳೂರು, ಮೈಸೂರಿನಲ್ಲಿ ಇಂಥದ್ದನ್ನು ನುಡಿಸುವ ಕಾಯಂ ವೃತ್ತಿಪರ ಆರ್ಕೆಸ್ಟ್ರಾ ಇಲ್ಲ. ದೇಶದಲ್ಲಿ ಆ ಮಟ್ಟದ್ದು ಅಂದರೆ ಮುಂಬೈನ ಕಲಾಕೇಂದ್ರ ಎನ್‌ಸಿಪಿಎಯ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ, 2006ರಿಂದ ಇದೆ. ಅವರನ್ನು ಕರೆಸುವುದು, ಇರಿಸುವುದು, ಒಂದು ದೊಡ್ಡ ಗ್ರ್ಯಾಂಡ್ ಪಿಯಾನೋ ತರಿಸುವುದು, ಈ ಸೆಖೆಗೆ ಅದರ ಶ್ರುತಿ ಕಾಯುವುದು. ಮಹಾರಾಜರೊಬ್ಬರು ಬೇಕಾಗುತ್ತದೆ.

ಇನ್ನೊಂದು ದಾರಿ ಇದೆ. ಕಾನ್ಸರ್ಟೊಗಳನ್ನು ವಿದ್ಯಾರ್ಥಿಗಳು ಕಲಿಯುವುದು ಎರಡು ಪಿಯಾನೋ ಇಟ್ಟುಕೊಂಡು. ಒಂದರಲ್ಲಿ ಪಿಯಾನೋ ಪಾಲು, ಇನ್ನೊಂದರಲ್ಲಿ ಆರ್ಕೆಸ್ಟ್ರಾವನ್ನು ಇಳಿಸಿಕೊಂಡ ಪಾಲು. ಇದಕ್ಕೂ ಅಂಥ ಪ್ರತಿ ಇದೆ. ಹಕ್ಕಿನ ತೊಂದರೆಯೂ ಇಲ್ಲ. ನಮ್ಮ ಕಾನೂನಿನಲ್ಲಿ ತೀರಿಕೊಂಡ 60 ವರ್ಷಕ್ಕೆ ಹಕ್ಕು ಮುಗಿಯುತ್ತದೆ, ಮೆಟ್ನರ್‌ದು 2011ಕ್ಕೆ ಮುಗಿದಿದೆ. ಇಬ್ಬರು ಗಟ್ಟಿ ವಾದಕರು, ಒಂದು ಸಣ್ಣ ಸಭಾಂಗಣ ಸಾಕು. ಬಣ್ಣ ಹೋಗುತ್ತದೆ ನಿಜ, ಆದರೆ ಹೆಣಿಗೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ.

ಕೆ.ಆರ್. ಮೊಹಲ್ಲಾ:

ಮೇಡಂ, ನೀವು ಒಂದು ಪಿಯಾನೋಗೆ ಕೂರುವುದಾದರೆ ಸಭಾಂಗಣದ ವಿಚಾರ ನಾನು ನೋಡುತ್ತೇನೆ. ತಮಾಷೆಗಲ್ಲ.

ಪಿಯಾನೋ ಮೇಡಂ:

ಆರ್ಕೆಸ್ಟ್ರಾ ಪಾಲಿಗೆ ಕೂರುತ್ತೇನೆ. ಮೆಟ್ನರ್ ಪಾಲಿಗೆ ಬೇರೆಯವರನ್ನು ಹುಡುಕಿ, ನನ್ನ ಹಳೆಯ ಶಿಷ್ಯರೊಬ್ಬರನ್ನು ಕೇಳಿ ನೋಡುತ್ತೇನೆ. ಕಲಿಯಲು ಒಂದು ವರ್ಷ ಬೇಕು. ಎರಡೂ ಪಿಯಾನೋ ಒಂದೇ ಶ್ರುತಿಯಲ್ಲಿ ಇರಬೇಕು, ಟ್ಯೂನರ್ ಬೆಂಗಳೂರಿನಿಂದ ಬರಬೇಕು, ಆ ಖರ್ಚು ಯಾರದ್ದು ಅಂತ ಮೊದಲೇ ತೀರ್ಮಾನ ಆಗಲಿ.

ಹಳೇ ಕಡತ:

ಟ್ಯೂನರ್ ಖರ್ಚಿಗೆ ನನ್ನದೂ ಸ್ವಲ್ಪ ಹಾಕಿಕೊಳ್ಳಿ. ಟಿಕೆಟ್ ಮಾತ್ರ ಇಡಬೇಡಿ.

ಮಂಗಳೂರು ಕಿವಿ:

ಮೂರನೇ ಭಾಗದ ಮೊದಲು ಕಾಫಿಗೆ ಬಿಡುವು ಕೊಟ್ಟರೆ ನಾನೂ ಬರುತ್ತೇನೆ.

ಪಿಯಾನೋ ಮೇಡಂ:

ಬಿಡುವಿಲ್ಲ. ಸ್ಕೋರಿನಲ್ಲಿ ಇಲ್ಲ.